ಮೂಲಂಗಿ ಮಡಿಗೆ ಮೂಲವಿಲ್ಲ!

ಹೆಂಡತಿ ಸೋಲುವುದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬುದು ಮದುವೆಯಾದಂದಿನಿಂದ ನನ್ನ ತಪಸ್ಸು. ಮೊನ್ನೆ ಭಾನುವಾರ ಅದು ಫಲಿಸಿತು. (ಎಷ್ಟು ಹೊತ್ತು ಎಂದು ಮಾತ್ರ ಕೇಳಬೇಡಿ.)

ಈ ಸಲದ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆ ಮನೆಯ ಮೂಲಂಗಿಯೇ ಆಗಬೇಕೆಂದು ನನ್ನವಳು, ಇನ್‌ಸುಕ್, ಹಿತ್ತಿಲ ಗೋಡೆಯ ಪಕ್ಕ ಮಡಿ ಮಾಡಲು ಅಪ್ಪಣೆ ಕೊಡಿಸಿದಳು. ಪಕ್ಕದ ಮನೆಯ ಕೋಳಿಗಳು ಕೆದಕದಂತೆ ಸುತ್ತಲೂ ಬಲೆ ಬೇಕು. ಬಲೆ ಇದ್ದದ್ದು ಇಪ್ಪತ್ತು ಮೀಟರ್. ಮಹಾರಾಣಿಯವರು ಕೇಳಿದ್ದು ಮೂವತ್ತು ಚದರ ಮೀಟರಿನ ಆಯತಾಕಾರದ ಮಡಿ.

ಆರಕ್ಕೆ ನಾಲ್ಕರಂತೆ ಗೂಟ ಹೊಡೆದೆ, ಇಪ್ಪತ್ನಾಲ್ಕೇ ಬಂತು. ಕಿತ್ತು ಏಳಕ್ಕೆ ಮೂರು ಮಾಡಿದೆ, ಇಪ್ಪತ್ತೊಂದಕ್ಕೆ ಇಳಿಯಿತು! ಐದಕ್ಕೆ ಐದು ಮಾಡಿದರೆ ಇಪ್ಪತ್ತೈದು, ಅಲ್ಲಿಗೆ ಮೊಂಡು ಹಿಡಿಯಿತು.

"ಬಿಗಿಯಾಗಿ ಎಳೀರೀ! ಸೋಮಾರಿ ಕೈಗೆ ಅಳತೇನೂ ಸೋಮಾರಿ!"

ಜಗಲಿಯಲ್ಲಿ ಲೆಕ್ಕ ಮಾಡುತ್ತಿದ್ದ ಮಗಳು ಬೊರಮ್‌ಗೆ ಕನಿಕರ ಹುಟ್ಟಿತು.

"ಅಪ್ಪಾ, ಸುಮ್ನೆ ಬೆನ್ನು ಮುರ್ಕೋಬೇಡ. ಉದ್ದ, ಅಗಲ ಸೇರಿ ಹತ್ತು, ಗುಣಿಸಿದ್ರೆ ಮೂವತ್ತಾಗ್ಬೇಕು. ಅಂದ್ರೆ x² − 10x + 30 = 0. ಇದರ ಶೋಧಕ b² − 4ac. ನೂರರಲ್ಲಿ ನೂರಿಪ್ಪತ್ತು ಕಳೆದ್ರೆ ಮೈನಸ್ ಇಪ್ಪತ್ತು. ಮೈನಸ್ ಬಂದ್ರೆ ವಾಸ್ತವ ಮೂಲಾನೇ ಇಲ್ಲ. ಈ ಮಡೀನ ಯಾರ ಕೈಲೂ ಕಟ್ಟೋಕಾಗಲ್ಲ!"

ಗುದ್ದಲಿ ಬಿಸಾಡಿ ಕುಣಿದೆ. "ಕೇಳಿದ್ಯಾ, ಬೊರಮ್‌ಳ ಅಮ್ಮಾ! ಮೂಲವೇ ಇಲ್ಲದ ಮೇಲೆ ಮೂಲಂಗಿ ಎಲ್ಲಿಂದ ಬರತ್ತೆ? ಒಂದು ಬಟ್ಟಲು ಮಕ್ಕೊಲ್ಲಿ ಹೆಂಡ ಸುರಿ, ಕುಡಿದು ಮಲಗ್ತೀನಿ!"

ಇನ್‌ಸುಕ್ ಏಪ್ರನ್ನಿಗೆ ಕೈ ಒರೆಸಿಕೊಂಡು ಹಿತ್ತಿಲನ್ನು ಒಮ್ಮೆ ನೋಡಿದಳು.

"ಗೋಡೆ ಕಡೆಗೆ ಬಲೆ ಯಾಕೆ? ಕೋಳಿ ಏನು ಗೋಡೆ ತೂರ್ಕೊಂಡು ಬರತ್ತಾ? ಮೂರೇ ಬದಿ ಕಟ್ಟಿದ್ರೆ ಎಷ್ಟಾಗತ್ತೆ ನೋಡೇ, ಬೊರಮ್."

ಬೊರಮ್ ಗೀಚಿದಳು. "ಅಗಲ x ಆದ್ರೆ ಉದ್ದ 20 − 2x. ಅಂದ್ರೆ 2x² − 20x + 30 = 0... ನಾನೂರರಲ್ಲಿ ಇನ್ನೂರ ನಲವತ್ತು ಹೋದ್ರೆ ಪ್ಲಸ್! ಅಮ್ಮಾ, ಎರಡೆರಡು ಮೂಲ! ಎರಡು ಥರಾ ಕಟ್ಟಬಹುದು!"

"ಐವತ್ತು ಚದರ ಮೀಟರ್ ಬೇಕಂದ್ರೆ?"

"ನಾನೂರರಲ್ಲಿ ನಾನೂರು ಕಳೆದು ಸೊನ್ನೆ. ಒಂದೇ ದಾರಿ: ಅಗಲ ಐದು, ಉದ್ದ ಹತ್ತು. ಅದಕ್ಕಿಂತ ಚೂರು ಹೆಚ್ಚು ಕೇಳಿದ್ರೂ ಮತ್ತೆ ಮೈನಸ್ಸೇ."

ನನ್ನ ಮೆದುಳಿನಲ್ಲಿ ಮಿಂಚು ಹೊಳೆಯಿತು. ಹೆಂಡತಿಯ ಮುಂದೆ ಕೈಮುಗಿದು ನಿಂತೆ.

"ಐವತ್ತು ಯಾವ ಮೂಲೆಗೆ ಸಾಕು, ಚಿನ್ನಾ? ನಿನ್ನ ಯೋಗ್ಯತೆಗೆ ಐವತ್ತೊಂದು ಕೇಳೇ, ಐವತ್ತೊಂದು!"

"ಛೆ ಛೆ, ನಾನೇನು ದುರಾಸೆಯವಳಾ?" ಇನ್‌ಸುಕ್ ಗುದ್ದಲಿ ಎತ್ತಿ ನನ್ನ ಕೈಗಿಟ್ಟಳು. "ಐವತ್ತೇ ಸಾಕು ಕಣ್ರೀ."