ಭಾವನ ಗುದ್ದು, ಅಕ್ಕನ ಮಾತು

ಮನೆಯಲ್ಲೊಬ್ಬ ಬಾಕ್ಸರ್ ಇದ್ದರೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಏನೂ ನಡೆಯದ ದಿನ ಮನೆಯವರೇ ಗಾಬರಿಯಾಗಿ, ಜ್ವರ ಬಂದಿದೆಯೇನೋ ಎಂದು ಅವನ ಹಣೆ ಮುಟ್ಟಿ ನೋಡುತ್ತಾರೆ.

ನಾನು ಧಾರವಾಡದವನು. ವಿಶಾಖಪಟ್ಟಣದ ಔಷಧ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ಅಲ್ಲೇ ಇದ್ದ ಅಕ್ಕನ ಮನೆಯಲ್ಲಿ ಉಳಿದೆ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ತೆಲುಗರು. ಆಂಧ್ರದಲ್ಲೆಲ್ಲ ಹೆಸರು ಮಾಡಿದ ಬಾಕ್ಸರ್. ಅವರು ಏರಿದ್ದನ್ನೂ ಬಿದ್ದದ್ದನ್ನೂ ರಿಂಗಿನ ಪಕ್ಕ ಟವೆಲ್ ಹಿಡಿದು ನಿಂತು ನೋಡಿದ್ದೇನೆ. ಊರಿಗೆಲ್ಲ ಅವರ ಗುದ್ದಿನ ಭಯ. ಅವರಿಗೆ ಅಕ್ಕನ ಮಾತಿನ ಭಯ.

ಕನ್ಯೆ ನೋಡಿದ್ದು

ಭಾವ ಅಕ್ಕನನ್ನು ನೋಡಲು ಧಾರವಾಡಕ್ಕೆ ಬರಬೇಕಿದ್ದ ಹಿಂದಿನ ದಿನವೇ ಹುಬ್ಬಳ್ಳಿಯಲ್ಲಿ ಅವರಿಗೊಂದು ಪಂದ್ಯವಿತ್ತು. ಗೆದ್ದರು, ಆದರೆ ಎರಡೂ ಕಣ್ಣು ಊದಿ ಮುಚ್ಚಿಹೋದವು. ಗೊತ್ತು ಮಾಡಿದ ಹೊತ್ತು ತಪ್ಪಿಸಬಾರದೆಂದು ಅವರ ತಾಯಿ ಕೈ ಹಿಡಿದು ಕರೆತಂದು ನಮ್ಮ ಪಡಸಾಲೆಯಲ್ಲಿ ಕೂರಿಸಿದರು. ಅಕ್ಕ ಅವಲಕ್ಕಿ ತಟ್ಟೆ ಹಿಡಿದು ಬಂದಳು. ಭಾವ ಎದ್ದು ನಿಂತು, ಗೋಡೆಯ ಮೇಲಿನ ಕ್ಯಾಲೆಂಡರಿಗೆ ಭಕ್ತಿಯಿಂದ ನಮಸ್ಕಾರ ಮಾಡಿದರು.

"ಹುಡುಗಿ ಹೇಗಿದ್ದಾಳಪ್ಪ?" ಎಂದು ಅವರ ತಾಯಿ ಮೆಲ್ಲಗೆ ಕೇಳಿದರು.

"ಒಗ್ಗರಣೆ ವಾಸನೆ ಚೆನ್ನಾಗಿದೆ. ಒಪ್ಪಿಗೆ."

ಮದುವೆಯಾದ ಮೇಲೆ ಮಾತಿಗೆ ಮಾತು ಬೆಳೆದಾಗಲೆಲ್ಲ ಭಾವ, "ನಾನು ಕಣ್ಣು ಮುಚ್ಚಿಕೊಂಡು ಒಪ್ಪಿದವನು" ಎಂದು ಎದೆ ಉಬ್ಬಿಸುತ್ತಿದ್ದರು. ಅಕ್ಕನ ಉತ್ತರ ಯಾವಾಗಲೂ ಒಂದೇ: "ನಿಮಗರ ಕಣ್ಣು ಮುಚ್ಚಿದ್ವು. ನನಗ ಎರಡೂ ತೆರದಿದ್ವಲ್ಲ, ನಾ ಯಾರ ಮುಂದ ಹೇಳ್ಕೊಳ್ಳಲಿ?"

ಇದಕ್ಕೆ ಭಾವನ ಬಳಿ ಉತ್ತರ ಇರಲಿಲ್ಲ. ಬಹಳ ವರ್ಷ ಇರಲಿಲ್ಲ.

ರಿಂಗಿನಲ್ಲಿ ಧರಣಿ

ಹೆಸರು ಬಂತು, ಅದರ ಹಿಂದೆ ಸಿಟ್ಟೂ ಬಂತು. ವಿಜಯವಾಡದ ಒಂದು ದೊಡ್ಡ ಪಂದ್ಯದಲ್ಲಿ ಭಾವನೇ ಗೆದ್ದರೆಂದು ನಾವೆಲ್ಲ ಕುಣಿಯುತ್ತಿದ್ದಾಗ ರೆಫರಿ ಎದುರಾಳಿಯ ಕೈ ಎತ್ತಿದರು. ಭಾವ ರಿಂಗಿನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. "ನ್ಯಾಯ ಸಿಗೋ ತನಕ ಏಳಲ್ಲ ಅಂಡಿ!" ಎಂದು ತೆಲುಗು ಬೆರೆಸಿ ಗುಡುಗಿದರು.

ರೆಫರಿ ಬೇಡಿಕೊಂಡರು. ಸಂಘಟಕರು ಹೆದರಿಸಿದರು. ಪೊಲೀಸರು ಹತ್ತಿರ ಬಂದು, ಭಾವನ ತೋಳು ನೋಡಿ, ಸ್ವಲ್ಪ ಹಿಂದೆ ಸರಿದು ನಿಂತರು. ಮುಂದಿನ ಪಂದ್ಯದ ಇಬ್ಬರು ಗ್ಲೌಸ್ ಕಟ್ಟಿಸಿಕೊಂಡು, ಮೂಗು ತುರಿಸಿದರೂ ಕೆರೆದುಕೊಳ್ಳಲಾಗದೆ ಕಾಯುತ್ತಿದ್ದರು.

ಕೊನೆಗೆ ಅಕ್ಕ ಚೀಲ ಹೆಗಲಿಗೇರಿಸಿ ಹಗ್ಗದ ಹತ್ತಿರ ಬಂದಳು. "ಏಳ್ರಿ, ಟ್ರೇನ್ ಟೈಮ್ ಆತು."

ಭಾವ ತಟ್ಟನೆ ಎದ್ದು ಅವಳ ಹಿಂದೆ ನಡೆದರು. ಆ ಧರಣಿಗೆ ಅವರ ಮೇಲೆ ಎರಡು ವರ್ಷದ ನಿಷೇಧ ಬಿತ್ತು. ಅದಕ್ಕಿಂತ ಹೆಚ್ಚು ಅವರ ಹೊಟ್ಟೆ ಉರಿಸಿದ್ದು ಸ್ಟೇಷನ್ನಿನ ಪ್ರಕಟಣೆ: ವಿಶಾಖಪಟ್ಟಣದ ಗಾಡಿ ಒಂದು ಗಂಟೆ ತಡ.

"ನೋಡು, ಇನ್ನೊಂದು ಗಂಟೆ ಕೂರಬಹುದಿತ್ತು" ಎಂದು ಪ್ಲಾಟ್‌ಫಾರ್ಮಿನ ಮೇಲೆ ಗೊಣಗಿದರು.

ಬೆಂಜ್ ಸರ್ಕಲ್ಲಿನ ತೋಳು

ನಿಷೇಧದ ಕಾಲ ಕಷ್ಟದ್ದೇ. ಅಭ್ಯಾಸದಲ್ಲಿ ಭುಜದ ಕೀಲು ತಪ್ಪಿತು, ಫೋನುಗಳು ನಿಂತವು. ವಿಶಾಖಪಟ್ಟಣದ ಋಷಿಕೊಂಡದ ಹತ್ತಿರ ಜಿಮ್ಮೊಂದರಲ್ಲಿ ಕಂಪ್ಯೂಟರ್ ಕಂಪನಿಯವರಿಗೆ ಗುದ್ದಲು ಕಲಿಸುತ್ತ ದಿನ ತಳ್ಳಿದರು. ಮತ್ತೆ ಗೆಲ್ಲುವ ದಿನ ವಿಜಯವಾಡದ ದುರ್ಗಮ್ಮನಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತು ಕೂದಲು, ಗಡ್ಡ ಬಿಟ್ಟರು. ಗುರುತಿನವರೂ ಸ್ವಾಮೀಜಿ ಎಂದು ಕೈ ಮುಗಿಯುವಂತಾಯಿತು.

ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ ಭಾವನದೊಂದು ದೊಡ್ಡ ಬೋರ್ಡು ಇತ್ತು, ಬನಿಯನ್ ಅಂಗಡಿಯೊಂದರ ಜಾಹೀರಾತು. ಒಂದು ದಿನ ಕೆಲಸದ ಮೇಲೆ ಅಲ್ಲಿಗೆ ಹೋಗಿ, ನಾವಿಬ್ಬರೂ ಆಟೋದಲ್ಲಿ ಸಾಗುವಾಗ ನೋಡಿದರೆ, ಅಂಗಡಿಯವನು ಖರ್ಚು ಉಳಿಸಲು ಭಾವನ ಮುಖದ ಮೇಲೆ ಮಾತ್ರ ಹೊಸ ಸಿನಿಮಾ ಹೀರೋ ಒಬ್ಬನ ಮುಖ ಅಂಟಿಸಿದ್ದ. ಎದೆ, ತೋಳು, ಮೊಣಕೈ ಮೇಲಿನ ಹಳೇ ಗಾಯದ ಗುರುತು, ಎಲ್ಲ ಭಾವನದೇ.

ನನಗೆ ಸಂಕಟವಾಯಿತು. ಭಾವ ಆಟೋದಿಂದ ಕತ್ತು ಹೊರಗೆ ಹಾಕಿ ನೋಡಿದರು. ಆಟೋದವನು ಮಾತ್ರ ಉತ್ಸಾಹದಿಂದ ತಿರುಗಿ ಹೇಳಿದ: "ಹೀರೋ ತೋಳು ನೋಡಿ ಸ್ವಾಮೀ! ಮೊದಲು ಇಲ್ಲೊಬ್ಬ ಬಾಕ್ಸರ್ ಇದ್ದ. ಅವನದು ಬರೀ ಕಡ್ಡಿ."

ಭಾವ ವಿಶಾಖಪಟ್ಟಣಕ್ಕೆ ಮರಳಿ ಮನೆ ಸೇರಿದವರೇ ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಂತರು. ಮರುದಿನದಿಂದ ಅಭ್ಯಾಸ ಮತ್ತೆ ಶುರು.

ಅವ್ವನ ಮಜ್ಜಿಗೆ

ನಿಷೇಧ ಮುಗಿದ ಮೇಲೆ ವಿಜಯವಾಡದ ಅದೇ ಕ್ರೀಡಾಂಗಣದಲ್ಲಿ ಒಂದು ಪಂದ್ಯ ಸಿಕ್ಕಿತು. ವಯಸ್ಸು ಮೀರುತ್ತಿತ್ತು, ಇದು ತಪ್ಪಿದರೆ ಮತ್ತೊಂದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಗೆದ್ದು ಗೌರವದಿಂದ ಗ್ಲೌಸ್ ಕಳಚಿಡಬೇಕು, ಭಾವನ ಆಸೆ ಅಷ್ಟೇ. ಅಳಿಯನ ಆಟವನ್ನು ಎಂದೂ ನೋಡದ ನಮ್ಮ ಅವ್ವ ಧಾರವಾಡದಿಂದ ಬಂದಳು.

ಪಂದ್ಯದ ದಿನ ಬೆಳಿಗ್ಗೆ ತೂಕ ನೋಡಿದರೆ ಭಾವನ ವರ್ಗದ ಮಿತಿಗಿಂತ ಚೂರು ಹೆಚ್ಚು! ಇಳಿಸಿಕೊಂಡು ಬರಲು ಒಂದು ಗಂಟೆ ಕೊಟ್ಟರು. ಭಾವ ರೇನ್‌ಕೋಟ್ ತೊಟ್ಟು ವಿಜಯವಾಡದ ಬಿಸಿಲಲ್ಲಿ ಮೈದಾನ ಸುತ್ತತೊಡಗಿದರು. ನಾನು ಗೇಟಿನಲ್ಲಿ ಕಾದೆ. ಸುತ್ತು ಮುಗಿಸಿ ಬಂದವರನ್ನು ತೂಗಿದರೆ ತೂಕ ಇಳಿದಿಲ್ಲ, ಇನ್ನಷ್ಟು ಏರಿದೆ!

ಹೋಗಿ ನೋಡಿದರೆ, ಆಚೆ ಮೂಲೆಯ ಬೇವಿನ ಮರದ ಕೆಳಗೆ ಅವ್ವ ತಂಬಿಗೆ ಹಿಡಿದು ನಿಂತಿದ್ದಾಳೆ. ಭಾವ ಹಾದಾಗಲೆಲ್ಲ ಒಂದೊಂದು ಲೋಟ ಮಜ್ಜಿಗೆ.

"ಭಾವಾ, ಬೇಡ ಅನ್ನಬಾರದಿತ್ತೇ?"

"ಅತ್ತಯ್ಯ ಕೊಟ್ಟದ್ದನ್ನು ಬೇಡ ಅಂತ ಹೇಗೆ ಅನ್ನಲಿ?" ಎಂದು ಭಾವ ಮೀಸೆಗೆ ಹತ್ತಿದ ಮಜ್ಜಿಗೆ ಒರೆಸಿಕೊಂಡರು. ಕಣ್ಣಲ್ಲಿ ನೀರಿತ್ತು.

ವಿಷಯ ತಿಳಿದು ಅವ್ವ ತಂಬಿಗೆಯನ್ನು ಮರದ ಬುಡಕ್ಕಿಟ್ಟಳು. ಮರುಕ್ಷಣ ಸೆರಗು ಸಿಕ್ಕಿಸಿಕೊಂಡಳು. "ಗೆದ್ದ ಮ್ಯಾಲೆ ಕೊಡೂ ಕೂದಲಾ ಈಗ ಕೊಟ್ರ ದುರ್ಗವ್ವ ಬ್ಯಾಡಂತಾಳೇನು? ಕರೀರಿ ಕ್ಷೌರದವ್ರನ್ನ!"

ಎದುರಿನ ಫುಟ್‌ಪಾತಿನಲ್ಲೇ ಭಾವನ ತಲೆ, ಗಡ್ಡ, ಮೀಸೆ ಎಲ್ಲ ಬೋಳಾಯಿತು. ಅವ್ವ ದೇವಿಗೆ ಸಲ್ಲಬೇಕಾದ ಕೂದಲನ್ನು ಸೆರಗಿಗೆ ಕಟ್ಟಿಕೊಂಡಳು. ಬೆವರು ಹರಿಯುವ ತನಕ ಮತ್ತೆರಡು ಸುತ್ತು ಓಡಿಸಿದೆವು; ಈ ಸಲ ಅವ್ವನನ್ನು ನಾನೇ ಹಿಡಿದುಕೊಂಡಿದ್ದೆ. ಮುಳ್ಳು ಸರಿಯಾಗಿ ಗೆರೆಯ ಮೇಲೆ ಬಂದು ನಿಂತಿತು.

ಸಂಜೆ ಭಾವ ಹೊಡೆಸಿಕೊಂಡಷ್ಟೂ ಹೊಡೆದರು. ರೆಫರಿ ಅವರ ಕೈ ಎತ್ತಿದಾಗ ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಭಾವನ ಎರಡೂ ಕಣ್ಣು ಕನ್ಯೆ ನೋಡಲು ಬಂದ ದಿನದಂತೆಯೇ ಊದಿ ಮುಚ್ಚಿದ್ದವು. ತಡವರಿಸುತ್ತ ಕೆಳಗಿಳಿದು, ಅವ್ವನೂ ಅಕ್ಕನೂ ನಿಂತಿದ್ದ ಕಡೆಗೆ ಬಂದು, "ಅತ್ತಯ್ಯಾ, ಆಶೀರ್ವಾದ ಮಾಡಿ" ಎಂದು ಬಗ್ಗಿ ಗಟ್ಟಿಯಾಗಿ ಎರಡು ಪಾದ ಹಿಡಿದರು.

"ಅಯ್ಯ ಶಿವನ! ಅವು ನನ್ನ ಮಗಳ ಕಾಲ್ರೀ!" ಎಂದು ಅವ್ವ ಕೂಗಿದಳು. ಇಡೀ ಕ್ರೀಡಾಂಗಣ ನಕ್ಕಿತು.

ಭಾವ ಕೈ ಬಿಡಲಿಲ್ಲ. "ಇರಲಿ ಅತ್ತಯ್ಯಾ. ಕಣ್ಣು ಮುಚ್ಚಿ ಹಿಡಿದದ್ದು ನನಗೆ ಯಾವತ್ತೂ ತಪ್ಪಿಲ್ಲ."

ಇಷ್ಟು ವರ್ಷಕ್ಕೆ ಭಾವನಿಗೆ ಉತ್ತರ ಸಿಕ್ಕಿತ್ತು. ಅಕ್ಕನ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಭಾವನ ಬೋಳುತಲೆಯ ಮೇಲೆ ಕೈ ಇಟ್ಟು, ಕಣ್ಣೊರೆಸಿಕೊಂಡು ಕೊನೆಗೆ ಅಂದಳು:

"ಏಳ್ರಿ, ಟ್ರೇನ್ ಟೈಮ್ ಆತು."