ಆಗೋದಿಲ್ಲ ಎಂದು ಸಾಧಿಸುವ ನಮ್ಮ ಭಾವ

ಏನನ್ನಾದರೂ ಮಾಡಿ ತೋರಿಸಿ ಹೆಸರು ತಗೊಂಡವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಆಗೋದಿಲ್ಲ ಎಂದು ತೋರಿಸಿ ಡಾಕ್ಟರೇಟ್ ತಗೊಂಡವರನ್ನು ನೋಡಿದ್ದೀರಾ? ನೋಡಬೇಕಿದ್ದರೆ ಹರಪನಹಳ್ಳಿಗೆ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮೆಕ್ಕೆಜೋಳದ ಲಾರಿಗಳನ್ನು ತಪ್ಪಿಸಿಕೊಂಡು ಕಾಲೇಜಿನ ಕಡೆ ನಡೆದರೆ, ಎದುರಿಗೆ ಕೊಡೆ ಹಿಡಿದು ಸಣಕಲು ಮನುಷ್ಯರೊಬ್ಬರು ಬರುತ್ತಾರೆ. ಮಳೆಯ ಸುಳಿವೇ ಇಲ್ಲದ ಮಾರ್ಗಶಿರದಲ್ಲೂ ಅವರ ಕೈಯಲ್ಲಿ ಕೊಡೆ! ಅವರೇ ನಮ್ಮ ಭಾವ, ನಮ್ಮಕ್ಕನ ಗಂಡ.

ಅವರ ವಿಷಯ ಕಂಪ್ಯೂಟರ್ ಶಾಸ್ತ್ರ. ಹಾಗಂತ ಅವರ ಕೈಗೆ ಕಂಪ್ಯೂಟರ್ ಕೊಟ್ಟೀರಿ, ಜೋಕೆ! ಅವರದು ಆ ಶಾಸ್ತ್ರದ ತತ್ವದ ಭಾಗ. ಒಂದು ಪೆನ್ಸಿಲ್ಲು, ನಾಲ್ಕು ಹಾಳೆ, ದಿಟ್ಟಿಸಿ ನೋಡುವುದಕ್ಕೆ ಒಂದು ಖಾಲಿ ಗೋಡೆ ಇದ್ದರೆ ಸಾಕು. ಈ ಲೆಕ್ಕವನ್ನು ಎಂಥ ಕಂಪ್ಯೂಟರ್ ಬಂದರೂ ಇದಕ್ಕಿಂತ ಬೇಗ ಮಾಡಲಾಗದು, ಆ ಲೆಕ್ಕವನ್ನಂತೂ ಎಂದಿಗೂ ಮಾಡಲಾಗದು ಎಂದು ಸಾಧಿಸುವುದೇ ಅವರ ಸಂಶೋಧನೆ. ದೊಡ್ಡ ಊರುಗಳಲ್ಲಿ ಓದಿ, ಹೊರದೇಶದಲ್ಲೂ ಒಂದಿಷ್ಟು ಕಾಲ ಇದ್ದು, ತಿರುಗಿ ಬಂದು ಇಲ್ಲೇ ಮೇಷ್ಟರಾದರು. ಯಾಕೆ ಅಂತ ಕೇಳಿದರೆ, ಪೆನ್ಸಿಲ್ಲು ಹರಪನಹಳ್ಳಿಯಲ್ಲೂ ಸಿಗುತ್ತದೆ ಎನ್ನುತ್ತಾರೆ.

ಕೊಟ್ಟೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನಮ್ಮಪ್ಪ ಇದೆಲ್ಲವನ್ನೂ ತಾಳ್ಮೆಯಿಂದ ಕೇಳಿ, "ಆಗಂಗಿಲ್ಲ ಅಂತ ಹೇಳಾಕ ಇಷ್ಟು ವರ್ಷ ಓದಬೇಕೇನ್ರಿ? ಆಫೀಸಿನಾಗ ಕುಂತ ಗುಮಾಸ್ತ ದಿನಾ ಪುಕ್ಕಟಿ ಹೇಳ್ತಾನ!" ಅಂದ.

"ಆತ ಬರೇ ಹೇಳ್ತಾನ್ರಿ. ನಾವು ಸಾಧಿಸಿ ತೋರಸ್ತೀವಿ" ಅಂದರು ಭಾವ, ಉಪ್ಪಿಟ್ಟಿನ ತಟ್ಟೆ ಕೆಳಗಿಡುತ್ತ.

ಅಷ್ಟಕ್ಕೆ ಸುಮ್ಮನಾಗಿದ್ದರೆ ಅವರು ನಮ್ಮ ಭಾವ ಹೇಗಾದಾರು? ಅವರ ಶಾಸ್ತ್ರದಲ್ಲಿ ಒಂದು ಪದ್ಧತಿ ಇದೆಯಂತೆ. ಯಾವ ಕೆಲಸವನ್ನೇ ಆಗಲಿ ಎಲ್ಲ ನೆಟ್ಟಗೆ ನಡೆದ ದಿನ ಅಳೆಯಬಾರದು, ಎಲ್ಲ ಕೆಟ್ಟು ಕೂತ ದಿನ ಅಳೆಯಬೇಕು. ಹಾಗಾಗಿ ಹಿರಿಯರ ಮುಂದೆಯೇ ಕೇಳಿಬಿಟ್ಟರು. "ಭಾಳ ಕೆಟ್ಟದ್ದು ಹಿಡಿಯೋಣ್ರಿ. ಲಗ್ನ ಆದ ಮರುದಿನಾನ ನಾ ಸತ್ತೆ ಅಂತ ತಿಳಕೋರಿ. ಇವರು ದುಡಕೊಂಡು ತಿಂತಾರೇನು?"

ನಮ್ಮವ್ವ ದೇವರ ಮನೆ ಕಡೆ ತಿರುಗಿ ಕೈಮುಗಿದಳು. ಅಪ್ಪನ ಮೀಸೆ ಕುಣಿಯತೊಡಗಿತು. ಆಗ ಬಾಗಿಲ ಹಿಂದಿನಿಂದ ಅಕ್ಕನ ದನಿ ಬಂತು. "ನನಗ ಹೊಲಿಗಿ ಬರ್ತೈತಿ. ನೀವು ಬದುಕಿದ್ರ ನಿಮ್ಮನ್ನೂ ಸೇರಿಸಿ ಸಾಕ್ತೀನಿ!"

ಲಗ್ನ ಅಲ್ಲಿಗೇ ಗೊತ್ತಾಯಿತು.

ನನ್ನ ಮದುವೆಯಲ್ಲಿ ಊಟದ ಉಸ್ತುವಾರಿಯನ್ನು ಯಾವ ಪುಣ್ಯಾತ್ಮ ಇವರಿಗೆ ವಹಿಸಿದನೋ ಗೊತ್ತಿಲ್ಲ. ಎಷ್ಟು ಮಂದಿಗೆ ಎಂದು ಅಡುಗೆಯವನು ಕೇಳಿದ. ಭಾವ ಹಾಳೆ ಪೆನ್ಸಿಲ್ಲು ತೆಗೆದರು. ಕರೆದವರೆಲ್ಲ ಬರುತ್ತಾರೆ, ಮನೆಮಂದಿಯನ್ನೆಲ್ಲ ಕರೆತರುತ್ತಾರೆ, ಎಲ್ಲರೂ ಹಿಂದಿನ ದಿನ ಉಪವಾಸ ಇದ್ದವರೇ ಎಂದು ಹಿಡಿದು ಲೆಕ್ಕ ಕೊಟ್ಟರು! ಮದುವೆ ಮುಗಿದ ಮೇಲೆ ನಮ್ಮ ಓಣಿ ಪೂರ್ತಿ ಗೋಧಿ ಹುಗ್ಗಿ ತಿಂದಿತು, ಓಣಿಯ ಎಮ್ಮೆಗಳೂ ತಿಂದವು, ಕೊನೆಗೆ ಎಮ್ಮೆಗಳೇ ಮುಖ ತಿರುಗಿಸಿದವು. ನಾನು ಕೆಂಡವಾಗಿ ಹೋದರೆ ಭಾವ ಶಾಂತವಾಗಿ ಕೇಳಿದರು, "ಕಡಿಮಿ ಬಿತ್ತೇನಪಾ?"

ಕಾಲೇಜಿನಲ್ಲಿ ಇನ್ನೊಂದು ಫಜೀತಿ. ಕಂಪ್ಯೂಟರ್ ಡಾಕ್ಟರು ಅಂದ ಮೇಲೆ ಪ್ರಿಂಟರ್ ರಿಪೇರಿ ಬರಬೇಡವೇ? ಬರೋದಿಲ್ಲ! ನಮ್ಮ ತಾಲೂಕಿನ ಅರಸೀಕೆರೆಯ ಗೌಡರೊಬ್ಬರು ತಮ್ಮ ಮೊಬೈಲ್ ತಂದು, "ಸರ, ಇದು ಮುಂಜಾನಿಂದ ಹ್ಯಾಂಗ್ ಆಗೈತಿ, ಯಾವಾಗ ಬಿಡ್ತೈತಿ?" ಎಂದು ಕೇಳಿದರು. ಭಾವನಿಗೆ ಖುಷಿಯೋ ಖುಷಿ. ಒಂದು ಯಂತ್ರ ತನ್ನ ಕೆಲಸ ಮುಗಿಸುತ್ತದೋ ಅಥವಾ ಕೊನೆಯಿಲ್ಲದೆ ತಿರುಗುತ್ತಲೇ ಇರುತ್ತದೋ ಎಂಬುದನ್ನು ಮೊದಲೇ ಹೇಳುವ ಸಾಮಾನ್ಯ ಉಪಾಯ ಇಲ್ಲವೇ ಇಲ್ಲ ಎಂದು ಅವರನ್ನು ಕೂರಿಸಿಕೊಂಡು ಬೋರ್ಡಿನ ಮೇಲೆ ಸಾಧಿಸಿ ತೋರಿಸಿದರು. ಗೌಡರು ಎಲ್ಲ ಕೇಳಿ, ಎದ್ದು, "ಬಜಾರದಾಗ ತೋರಸ್ತೀನಿ ತಗೋರಿ" ಎಂದು ಹೋದರು.

ಒಮ್ಮೆ ಹೊರಗಿನಿಂದ ತಪಾಸಣೆಗೆ ಬಂದ ಸಮಿತಿಯವರು ಇವರ ಪ್ರಬಂಧಗಳನ್ನು ತಿರುವಿ ಹಾಕಿ, "ಇದರಿಂದ ಸಮಾಜಕ್ಕೇನು ಉಪಯೋಗ?" ಎಂದು ಕೇಳಿದರಂತೆ. ಪ್ರಿನ್ಸಿಪಾಲರು ಹಿಂದಿನಿಂದ ಕಣ್ಣು ಮಿಟುಕಿಸಿ, ಏನಾದರೂ ದೊಡ್ಡದು ಹೇಳಿ ಎಂದು ಸನ್ನೆ ಮಾಡಿದರಂತೆ. ಭಾವನಿಗೆ ಸನ್ನೆ ಎಲ್ಲಿ ತಿಳಿಯಬೇಕು! "ಆಗದ ಕೆಲಸಕ್ಕ ಜನ ಸುಮ್ನ ಜೀವ ತೇಯೋದು ತಪ್ಪತೈತ್ರಿ, ಅಷ್ಟ" ಅಂದರು. ಆ ವರ್ಷವೂ ಬಡ್ತಿ ಸಿಗಲಿಲ್ಲ.

ಇಲ್ಲಿಯವರೆಗೆ ನಗುತ್ತ ಬರೆದೆ. ಇನ್ನು ಮುಂದಿನದನ್ನು ಹೇಗೆ ಬರೆಯಲಿ?

ಅಕ್ಕನಿಗೆ ಹೊಟ್ಟೆನೋವು ಬಂತು. ಹೊಲಿಗೆ ಯಂತ್ರದ ಮುಂದೆ ಬಹಳ ಹೊತ್ತು ಕೂತಿದ್ದಕ್ಕೆ ಅಂದುಕೊಂಡೆವು. ಸಂಕ್ರಾಂತಿ ಹೊತ್ತಿಗೆ ಕಣ್ಣು ಹಳದಿಯಾದವು. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಭಾವನನ್ನೂ ನನ್ನನ್ನೂ ಹೊರಗೆ ಕರೆದು, ಕ್ಯಾನ್ಸರು, ಎಲ್ಲ ಕಡೆ ಹರಡಿದೆ, ಹೆಚ್ಚು ದಿನ ಇಲ್ಲ, ಔಷಧಿ ಕೊಡುತ್ತಿರೋಣ ಎಂದರು. ಯಾವುದಕ್ಕೂ ಸೋಲದ ನಮ್ಮಕ್ಕನಿಗೆ!

ಅಕ್ಕನಿಗೆ ಹೇಳಬಾರದು ಎಂದು ನಾವೆಲ್ಲ ತೀರ್ಮಾನಿಸಿದೆವು. ನಮ್ಮ ಕಡೆ ಹಾಗೇ ಮಾಡುವುದು. ಕೂಡ್ಲಿಗಿಯಿಂದ, ಹಡಗಲಿಯಿಂದ, ಭಾವನ ಊರು ಇಟ್ಟಿಗಿಯಿಂದ ಬಳಗದವರು ಎಳನೀರು ಹಿಡಿದುಕೊಂಡು ಬಂದು, "ಏನೂ ಆಗಂಗಿಲ್ಲ, ಗಟ್ಟಿ ಇರು" ಎಂದು ಹೇಳಿ, ವರಾಂಡಕ್ಕೆ ಹೋಗಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಚಿಕ್ಕಮ್ಮನಂತೂ "ಶ್ರಾವಣಕ್ಕ ನೀನ ಹೋಳಿಗಿ ಮಾಡಿ ಬಡಸ್ತಿ ನೋಡು" ಅಂದಳು. ಎಷ್ಟು ಚೆಂದ ಸುಳ್ಳು ಹೇಳುತ್ತೇವೆ ನಾವು!

ಆದರೆ ಭಾವ? ಈ ಬಾಯಿಯನ್ನು ನಂಬುವುದು ಹೇಗೆ? ಅವರನ್ನು ಕೋಣೆಯೊಳಗೆ ಒಬ್ಬರನ್ನೇ ಬಿಡಬಾರದೆಂದು ನಾನೇ ಕಾವಲು ಕೂತೆ. ಮಾತ್ರೆ ತನ್ನಿ, ಚಹಾ ತನ್ನಿ, ಡಾಕ್ಟರು ಬಂದರಾ ನೋಡಿಕೊಂಡು ಬನ್ನಿ ಎಂದು ಓಡಿಸಿದ್ದೇ ಓಡಿಸಿದ್ದು. ಪಾಪ, ಕೊಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಇಳಿದರು. ಒಮ್ಮೆ ಮೂಲೆಗೆ ಕರೆದು ಆಣೆ ಮಾಡಲು ಹೇಳಿದೆ.

"ನಾನಾಗಿ ಹೇಳಂಗಿಲ್ಲ. ಆದ್ರ ಆಕಿ ಕೇಳಿದ್ರ ಸುಳ್ಳು ಹೇಳಾಕ ನನಗ ಬರಂಗಿಲ್ಲ" ಅಂದರು.

ಅಕ್ಕ ಕೇಳಿಯೇ ಬಿಟ್ಟಳು. ಬೆಳಿಗ್ಗೆ ನರ್ಸು ಸೂಜಿ ಚುಚ್ಚಲು ನರ ಸಿಗದೆ ತಡಕಾಡಿ ಹೋಗಿದ್ದಳು. ಎರಡೂ ಕೈ ನೀಲಿಗಟ್ಟಿದ್ದವು. ಚಿಕ್ಕಮ್ಮ, ನಾನು ಎಲ್ಲ ಅಲ್ಲೇ ಇದ್ದೆವು. ಅಕ್ಕ ನಮ್ಮ ಯಾರ ಕಡೆಗೂ ನೋಡದೆ, "ರೀ, ಇಲ್ಲಿ ಬರ್ರಿ. ಭಾಳ ಕೆಟ್ಟದ್ದು ಹಿಡಿದ್ರ ಎಲ್ಲಿ ತನಕ?" ಅಂದಳು.

ಭಾವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾನು ಅವರ ಅಂಗಿ ಹಿಡಿದು ಜಗ್ಗಿದೆ.

"ಶಿವರಾತ್ರಿ" ಅಂದರು.

"ಚಲೋದು ಹಿಡಿದ್ರ?"

"ಉಗಾದಿ ಕಾಣೋದು ಕಷ್ಟ ಐತಿ."

ಚಿಕ್ಕಮ್ಮ ಹೋ ಎಂದು ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತು. "ನೀವು ಮನುಷ್ಯರೇನ್ರೀ ಭಾವ? ನಿಮ್ಮ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ!" ಎಂದು ಕೂಗಿದೆ. ಆಸ್ಪತ್ರೆಯ ಅರ್ಧ ಮಂದಿ ಬಾಗಿಲಿಗೆ ಬಂದರು.

"ತಮ್ಮಾ, ಒದರಬ್ಯಾಡ" ಅಂದಳು ಅಕ್ಕ. ದನಿ ಸಣ್ಣದಿತ್ತು, ಆದರೆ ನಡುಗುತ್ತಿರಲಿಲ್ಲ. "ನೀವೆಲ್ಲ ಏನೂ ಆಗಂಗಿಲ್ಲ ಅಂತಿದ್ರಿ. ನಾ ಒಬ್ಬಾಕಿನ ಹೆದರಿಕೊಂಡು ಮಕ್ಕೊಂಡಿದ್ದೆ. ಈಗ ನೋಡು, ಇವರೂ ಹೆದರ್ಯಾರ. ಜೋಡಿ ಆತು." ಆಮೇಲೆ ನೀಲಿಗಟ್ಟಿದ ಕೈಯನ್ನು ನನ್ನ ಕಡೆ ಚಾಚಿ, "ಈ ಸೂಜಿ ಸಾಕಪ್ಪಾ. ಕಾರು ಕರಿ, ಮನಿಗಿ ಹೋಗೋಣು" ಅಂದಳು.

ಹರಪನಹಳ್ಳಿಗೆ ಬಂದೆವು. ಕೆಲವು ದಿನ ಅಕ್ಕ ಚೇತರಿಸಿಕೊಂಡಂತೆ ಕಂಡಳು. ಅರ್ಧಕ್ಕೆ ನಿಂತ ರವಿಕೆಗಳನ್ನು ಇನ್ನೊಬ್ಬಾಕೆಗೆ ಒಪ್ಪಿಸಿದಳು. ಮಂಚವನ್ನು ಅಡುಗೆ ಮನೆಯ ಬಾಗಿಲಿಗೆ ಹಾಕಿಸಿಕೊಂಡು ಗಂಡನಿಗೆ ರೊಟ್ಟಿ ಬಡಿಯುವುದನ್ನು ಕಲಿಸಲು ಕೂತಳು. ಹಿಟ್ಟಿಗೆ ನೀರು ಎಷ್ಟು ಎಂದು ಭಾವ ಕೇಳುವುದು, "ಹಿಡಿಯೋವಷ್ಟು" ಎಂದು ಅಕ್ಕ ಹೇಳುವುದು, ಎಷ್ಟು ಹಿಡಿಯುತ್ತದೆ ಎಂದು ಇವರು ತಿರುಗಿ ಕೇಳುವುದು! ರೊಟ್ಟಿ ಹರಿಯುತ್ತಿತ್ತು, ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಗುವಾಗ ನೋಯುತ್ತಿತ್ತು, ಆದರೂ ನಗುತ್ತಿದ್ದಳು. ಆಸ್ಪತ್ರೆಯಲ್ಲಿ ಒಂದು ದಿನವೂ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಶಿವರಾತ್ರಿ ದಾಟಿದಳು. ಉಗಾದಿ ಕಾಣಲಿಲ್ಲ.

ಅದಕ್ಕೂ ಮುಂಚಿನ ಒಂದು ಮಧ್ಯಾಹ್ನದ ಮಾತು. ಭಾವನ ಮೇಲೆ ನನಗಿನ್ನೂ ಸಿಟ್ಟಿತ್ತು, ಮಾತು ಬಿಟ್ಟಿದ್ದೆ. ಅಕ್ಕ ನಿದ್ದೆಯಲ್ಲಿದ್ದಳು. ಪಡಸಾಲೆಯಲ್ಲಿ ಭಾವ ಅವಳ ರಿಪೋರ್ಟುಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು, ಪೆನ್ಸಿಲ್ಲಿನಿಂದ ಒಂದೊಂದೇ ಸಾಲು ಮುಟ್ಟುತ್ತ ಕೂತಿದ್ದರು. ನೋಡಿ ಮೈ ಉರಿಯಿತು. "ಇನ್ನೂ ಏನು ಸಾಧಿಸೋದೈತ್ರಿ?" ಎಂದು ಕೇಳಿದೆ.

ಭಾವ ತಲೆ ಎತ್ತಲಿಲ್ಲ. "ಇಷ್ಟು ವರ್ಷ ನನ್ನ ಲೆಕ್ಕದಾಗ ತಪ್ಪು ಸಿಕ್ಕೀತು ಅಂತ ಹೆದರ್ತಿದ್ದೆ" ಅಂದರು. "ಇದೊಂದರಾಗ ಸಿಗಲಿ ಅಂತ ಹುಡುಕಾಕತ್ತೀನಿ. ಸಿಗವಲ್ದು."

ಭಾವ ಅಳುತ್ತಿದ್ದರು. ಹಾಳೆಯ ಮೇಲೆ ಬೀಳದಂತೆ ಕುತ್ತಿಗೆ ವಾರೆ ಮಾಡಿಕೊಂಡು ಅಳುತ್ತಿದ್ದರು.

ನಾನು ಗೊಬ್ಬರದ ಅಂಗಡಿಯವನು. ಆ ಹಾಳೆಗಳಲ್ಲಿ ಅಕ್ಕನ ಹೆಸರು ಬಿಟ್ಟರೆ ನನಗೆ ಬೇರೇನೂ ತಿಳಿಯುತ್ತಿರಲಿಲ್ಲ. ಆದರೂ ಪಕ್ಕದಲ್ಲಿ ಕೂತು, "ನನಗೊಂದು ಕೊಡ್ರಿ" ಅಂದೆ. ಕೊಟ್ಟರು. ಬೆರಳಿಟ್ಟು ಮೊದಲಿಂದ ಕೊನೆಯವರೆಗೆ ನೋಡಿದೆ. ಒಳಗೆ ಅಕ್ಕ ನಿದ್ದೆಯಲ್ಲಿ ಮಗ್ಗಲು ಬದಲಿಸಿದಳು. ಇಬ್ಬರೂ ಆ ಕಡೆ ನೋಡಿದೆವು.

"ಸಿಕ್ತೇನಪಾ?" ಅಂದರು ಭಾವ.

"ಇಲ್ರಿ."

"ಇನ್ನೊಂದ್ಸಲ ನೋಡೋಣು" ಎಂದು ನನ್ನ ಕೈಯಲ್ಲಿದ್ದ ಹಾಳೆಯನ್ನು ತಾವು ತಗೊಂಡು, ತಮ್ಮದನ್ನು ನನಗೆ ಕೊಟ್ಟರು.