ನೆಲದ ಮೇಲಿನ ದೋಣಿ

ದೋಣಿ ನೀರಿನಲ್ಲಿರುವಷ್ಟು ಹೊತ್ತು ಯಾರ ತಂಟೆಗೂ ಹೋಗುವುದಿಲ್ಲ. ನೆಲಕ್ಕೆ ಬಂದು ಎರಡು ಚಕ್ರದ ಟ್ರೈಲರ್ ಏರಿತೆಂದರೆ ದಿನಕ್ಕೊಂದು ಪ್ರಸಂಗ. ಕಳೆದ ಒಂದು ವರ್ಷದಲ್ಲಿ ನನಗಾದ ಅಂಥ ಕೆಲವನ್ನು ಕೂಡಿಸದೆ, ಕಳೆಯದೆ ಇಲ್ಲಿ ಬರೆದಿದ್ದೇನೆ.

ಶುರುವಾದದ್ದು ಒಂದು ಬುಧವಾರ. ನಮ್ಮ ಯಜಮಾನರಿಗೆ ಚನ್ನಪಟ್ಟಣದಲ್ಲಿ ನೀರಿನ ಪಂಪು ರಿಪೇರಿ ಮಾಡುವ ಅಂಗಡಿ ಇತ್ತು. ಕೆರೆಯ ನಡುವೆ ಇರುವ ಪಂಪುಗಳ ಹತ್ತಿರ ಹೋಗಲು ಒಂದು ಫೈಬರ್ ದೋಣಿ ಇಟ್ಟುಕೊಂಡಿದ್ದರು. ಇವತ್ತು ಮಾಗಡಿ ಕಡೆ, ನಾಳೆ ಕನಕಪುರದ ಕಡೆ ಎಂದು ಅದನ್ನು ಒಯ್ಯಲು ತಾವೇ ನಿಂತು ವೆಲ್ಡಿಂಗ್ ಮಾಡಿಸಿದ ಟ್ರೈಲರ್, ಅದನ್ನು ಎಳೆಯಲು ಹಳೆಯ ಜೀಪು. ಆ ಬುಧವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು, "ಉಪ್ಪು ಒಸಿ ಮುಂದೈತೆ" ಎಂದು ಹೇಳಿ ಅಂಗಡಿಗೆ ಹೋದರು. ಮೂರನೆಯ ಪೀರಿಯಡ್ಡಿನಲ್ಲಿ ನಾನು ಏಳನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ ಫೋನ್ ಬಂತು. ಅಂಗಡಿಯಲ್ಲಿ ಕುಳಿತಲ್ಲೇ ಅವರ ಹೃದಯ ನಿಂತಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ಮೈದುನ ದೋಣಿಯ ಮಾತೆತ್ತಿದ.

"ಅತ್ಗೆ, ಕೋಡಿಹಳ್ಳಿ ಕಡೆ ಮೀನಿನೋರು ದೋಣಿ ಕೇಳ್ತಾವ್ರೆ. ಕೊಟ್ಬುಡಣ."

"ಬೇಡಪ್ಪ. ನಾನೇ ಇಟ್ಕೋತೀನಿ."

"ಇಟ್ಕಂಡು ಏನ್ ಮಾಡೀರಿ? ದೋಣೀನ ನೀರಿಗೆ ಬುಡದು ಯಾರ್ ಬೇಕಾದ್ರೂ ಬುಡ್ತಾರೆ. ನೀರಿಂದ ವಾಪಸ್ ಟ್ರೈಲರ್ ಮ್ಯಾಕೆ ಏರ್ಸದೈತಲ್ಲ, ಅದು ಅಣ್ಣನ ಕೈಲಿ ಮಾತ್ರ ಆಯ್ತಿತ್ತು."

"ನಾನು ಒಬ್ಬಳೇ ಏರಿಸಿದ್ರೆ?"

ಅವನು ನಗಲಿಲ್ಲ, ಆದರೆ ಮೀಸೆ ಒಸಿ ಅಲುಗಿತು. "ವರ್ಷದ ತಿಥಿ ಒಳಗೆ, ಬೇರೆ ಯಾರೂ ಕೈ ಹಾಕ್ದಂಗೆ ಏರಿಸ್ಬುಡಿ. ಆಮೇಲೆ ನಾನು ಬಾಯಿ ಬುಡಕಿಲ್ಲ. ಆಗ್ನಿಲ್ವಾ, ಮೀನಿನೋರಿಗೆ."

ಒಪ್ಪಿಕೊಂಡೆ. ಆ ಹೊತ್ತಿಗೆ ನನಗೆ ದೋಣಿಯ ಮೂತಿ ಯಾವುದು, ಬೆನ್ನು ಯಾವುದು ಎಂಬುದೂ ಖಚಿತವಿರಲಿಲ್ಲ.

೧. ತೊಂಬತ್ತು ಡಿಗ್ರಿ

ದೋಣಿ ಏರಿಸಬೇಕಾದರೆ ಮೊದಲು ಟ್ರೈಲರನ್ನು ಹಿಂದಕ್ಕೆ ನಡೆಸಿ ನೀರಿಗೆ ಇಳಿಸಬೇಕು. ಜೀಪು ಓಡಿಸಲು ನನಗೆ ಬರುತ್ತಿತ್ತು. ಆದರೆ ಟ್ರೈಲರ್ ಕಟ್ಟಿಕೊಂಡ ಜೀಪು ಬೇರೆಯೇ ಜಾತಿ. ಹಿಂದಕ್ಕೆ ಹೋಗುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರಿನ ಹಿಂಭಾಗ ಬಲಕ್ಕೆ ಹೋಗುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರಿಗೆ ಅಂಟಿಸಿಕೊಂಡು, ಭಾನುವಾರ ಶಾಲೆಯ ಮೈದಾನಕ್ಕೆ ಅಭ್ಯಾಸಕ್ಕೆ ಹೋದೆ.

ಮೈದಾನ ಖಾಲಿ ಇತ್ತು. ಐದು ನಿಮಿಷದಲ್ಲಿ ಏಳು ಜನ ಸೇರಿದರು. ನಮ್ಮ ಕಡೆ ಯಾವುದೇ ವಾಹನ ಹಿಂದಕ್ಕೆ ಚಲಿಸಿದರೆ, ಕಂಡವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು "ಬರ್ಲಿ ಬರ್ಲಿ" ಎನ್ನುವುದು ಧರ್ಮ.

"ಬಲಕ್ ಒಡೀರಿ ಮೇಡಂ!"

"ಬಲಕ್ಕಲ್ಲ ಕಣ್ಲಾ, ಎಡಕ್ಕೆ! ಎಡಕ್ ಒಡೀರಿ!"

ಮೂವರು ನನ್ನ ಮುಖ ನೋಡುತ್ತ ನಿಂತಿದ್ದರು, ನಾಲ್ವರು ನನ್ನ ಬೆನ್ನ ಹಿಂದೆ. ಮೂವರ ಎಡ ನಾಲ್ವರ ಬಲ. ನಾನು ಏಳೂ ಜನರ ಮಾತನ್ನು ಗೌರವಿಸಿದೆ. ಟ್ರೈಲರು ಮಡಚಿಕೊಂಡು ಜೀಪಿಗೆ ಅಡ್ಡವಾಗಿ, ಶಾಲೆಯ ಬಿಸಿಯೂಟದ ಅಡುಗೆ ಕೋಣೆಯ ಗೋಡೆಗೆ ಒರಗಿ ನಿಂತಿತು.

ಹೆಡ್‌ಮಾಸ್ಟರು ಭಾನುವಾರವೂ ಶಾಲೆಗೆ ಬರುವವರು. ಹೊರಗೆ ಬಂದು ನೋಡಿದರು.

"ಏನಮ್ಮಾ ಇದು? ಗಣಿತದ ಟೀಚರ್ರು ನೀವು. ಕೋನಗಳ ಪರಿಚಯ ಇಲ್ವೇ?"

"ಇದೆ ಸಾರ್. ಈಗ ಸರಿಯಾಗಿ ತೊಂಬತ್ತು ಡಿಗ್ರಿ ಇದೆ."

೨. ಕೀಲೆಣ್ಣೆ

ಟ್ರೈಲರಿನ ಚಕ್ರ ಮತ್ತೆ ಮತ್ತೆ ನೀರಿಗೆ ಇಳಿಯುವುದರಿಂದ ಬೇರಿಂಗಿಗೆ ಆಗಾಗ ಗ್ರೀಸ್ ತುಂಬಬೇಕು. ದೂರದಿಂದ ಓಡಿಸಿಕೊಂಡು ಬಂದ ಬಿಸಿ ಚಕ್ರವನ್ನು ಕೂಡಲೇ ನೀರಿಗೆ ಇಳಿಸಬಾರದು, ಅರ್ಧ ಗಂಟೆ ಆರಲು ಬಿಡಬೇಕು. ಇವೆಲ್ಲ ಯಜಮಾನರು ಪಾಕೆಟ್ ಪುಸ್ತಕದಲ್ಲಿ ಬರೆದಿಟ್ಟಿದ್ದರು. ನಾನು ಜಗಲಿಯಲ್ಲಿ ಕುಳಿತು ಅದನ್ನು ಓದುತ್ತಿದ್ದದ್ದನ್ನು ಎದುರುಮನೆಯ ಅಜ್ಜ ಕಂಡರು. ಎಂಬತ್ತು ದಾಟಿದ ರೈತರು. ಮೂವತ್ತು ವರ್ಷ ಎತ್ತಿನಗಾಡಿ ಹೊಡೆದವರು.

ನಾನು ಶಾಲೆಯಿಂದ ಬರುವಷ್ಟರಲ್ಲಿ ಕೆಲಸ ಆಗಿಹೋಗಿತ್ತು. "ಗಂಡ ಇಲ್ದ ಹೆಣ್ಮಗ ಗಾಡಿ ತಾವ ಒದ್ದಾಡ್ತೀಯ ಅಂತ ನಾನೇ ಕೀಲೆಣ್ಣೆ ಹಾಕ್ದೆ ಕಣವ್ವ" ಎಂದರು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಎರಡೂ ಚಕ್ರದೊಳಕ್ಕೆ ಸೇರಿದಷ್ಟೂ ಸುರಿದಿದ್ದರು. ಅಷ್ಟು ಪ್ರೀತಿಯಿಂದ ಮಾಡಿದ್ದನ್ನು ಅವರೆದುರಿಗೆ ಒರೆಸಲು ನನಗೆ ಮನಸ್ಸಾಗಲಿಲ್ಲ.

ಮಾರನೆಯ ದಿನ ಜೀಪಿಗೆ ಕಟ್ಟಿಕೊಂಡು ಹೊರಟೆ. ಹೆದ್ದಾರಿಯಲ್ಲಿ ವೇಗ ನಲವತ್ತು ದಾಟಿದ್ದೇ ಚಕ್ರಗಳು ಎಣ್ಣೆಯನ್ನು ಹೊರಕ್ಕೆ ಎಸೆಯತೊಡಗಿದವು. ದೋಣಿಗೆ ಕಪ್ಪು ಚುಕ್ಕೆ, ನಂಬರ್ ಪ್ಲೇಟಿಗೆ ಕಪ್ಪು ಚುಕ್ಕೆ. ಪಕ್ಕದಲ್ಲಿ ಸ್ಕೂಟರಿನ ಮೇಲೆ ಮದುವೆಗೆ ಹೊರಟಿದ್ದ ಬಿಳಿ ಪಂಚೆ, ಬಿಳಿ ಶರಟಿನವರೊಬ್ಬರಿಗೆ ಎಡಗಡೆ ಪೂರ್ತಿ ಕಪ್ಪು ಚುಕ್ಕೆ. ಕ್ಷಮೆ ಕೇಳಿದೆ. ಅವರು ಮದುವೆಗೆ ಹೋಗಿ ಬಲಮಗ್ಗುಲಿನಲ್ಲೇ ಫೋಟೊ ತೆಗೆಸಿಕೊಂಡರಂತೆ.

ಸಂಜೆ ಅಜ್ಜನಿಗೆ ಎಲ್ಲವನ್ನೂ ವರದಿ ಮಾಡಿದೆ. ಅವರು ಯೋಚಿಸಿ ಹೇಳಿದರು: "ಎಣ್ಣೇದೇನೂ ತಪ್ಪಿಲ್ಲ ಕಣವ್ವ. ನನ್ನ ಎತ್ತುಗಳು ಯಾವತ್ತೂ ಅಷ್ಟು ಜೋರಾಗಿ ಓಡ್ಲಿಲ್ಲ."

೩. ಗೂಡಿನ ಚೀಲ

ಟ್ರೈಲರಿನ ಒಂದು ಕಂಬಿ ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿಸಲು ದೋಣಿಯ ಸಮೇತ ರಾಮನಗರಕ್ಕೆ ಹೊರಟೆ. ಬೆಳಗಿನ ಏಳು ಗಂಟೆ. ದಾರಿಯಲ್ಲಿ ಟೀ ಅಂಗಡಿಯ ಮುಂದೆ ನಿಲ್ಲಿಸಿ, ಟೀ ಕುಡಿದು ಮತ್ತೆ ಹೊರಟೆ. ರಾಮನಗರದ ಒಳಗೆ ಬಂದು ಬಲಕ್ಕೆ ತಿರುಗಬೇಕು ಎನ್ನುವಾಗ ಬೆನ್ನ ಹಿಂದಿನಿಂದ ದನಿ ಬಂತು.

"ಮೇಡಂ, ಗೂಡಿನ ಮಾರ್ಕೆಟ್ಟು ಆ ಕಡೆ ಅಲ್ಲ!"

ಜೀಪಿನಲ್ಲಿ ನಾನೊಬ್ಬಳೇ ಇದ್ದೆ. ಬ್ರೇಕ್ ಹಾಕಿ ಇಳಿದು ನೋಡಿದರೆ, ದೋಣಿಯೊಳಗೆ ಇಬ್ಬರು ರೈತರು ಕಾಲು ಚಾಚಿ ಕುಳಿತಿದ್ದಾರೆ. ನಡುವೆ ರೇಷ್ಮೆಗೂಡಿನ ನಾಲ್ಕು ಚೀಲ.

"ನೀವು ಯಾವಾಗ ಹತ್ತಿದಿರಿ?"

"ಟೀ ಅಂಗಡೀಲಿ. ಎಲ್ಲಿಗ್ ಹೋಯ್ತದೆ ಅಂತ ಅಂಗಡಿಯೋನ್ನ ಕೇಳ್ದೊ, ರಾಮನಗರಕ್ಕೆ ಅಂದ."

"ಇದು ದೋಣಿ ಕಣಪ್ಪ."

"ಅದಕ್ಕೇ ಮೇಡಂ, ಗೂಡು ಒಂದೂ ಜಜ್ಜಿಲ್ಲ. ಆಟೋದಲ್ಲಾಗಿದ್ರೆ ಇಷ್ಟೊತ್ಗೆ ಅರ್ಧ ಪುಡಿ."

ಹರಾಜಿಗೆ ಹೊತ್ತಾಗುತ್ತಿತ್ತು. ಮಾರುಕಟ್ಟೆಯ ಗೇಟಿನವರೆಗೆ ಬಿಟ್ಟುಬಂದೆ. ಕಾವಲಿನವನು ದೋಣಿಯನ್ನೂ ಚೀಲಗಳನ್ನೂ ನೋಡಿ, ಯಾವ ಸಾಲಿಗೆ ಕಳಿಸಬೇಕೆಂದು ತಿಳಿಯದೆ ಒಂದು ಸೆಲ್ಯೂಟ್ ಹೊಡೆದ.

ಮುಂದಿನ ವಾರ ಅದೇ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಬಸ್ಸಿನಲ್ಲಿ ಹೋಗುವವಳಿದ್ದೆ. ಚೀಲ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಅಂಗಡಿಯವನನ್ನು ಕೇಳುತ್ತಿದ್ದಳು: "ಅಣ್ಣ, ಇವತ್ತು ದೋಣಿ ಎಷ್ಟು ಗಂಟೆಗೆ?"

೪. ಬಿರಡೆ

ದೋಣಿಯ ತಳದಲ್ಲಿ, ಹಿಂಬದಿಗೆ, ಒಂದು ತೂತು ಇರುತ್ತದೆ. ಟ್ರೈಲರಿನ ಮೇಲಿರುವಾಗ ಒಳಗೆ ನಿಂತ ನೀರು ಬಸಿದುಹೋಗಲಿ ಎಂದು. ನೀರಿಗೆ ಇಳಿಸುವ ಮುಂಚೆ ಅದಕ್ಕೆ ಬಿರಡೆ ಹಾಕಬೇಕು. ನಮ್ಮ ಬಿರಡೆ ಕಳೆದುಹೋಗಿತ್ತು. ಚನ್ನಪಟ್ಟಣದಲ್ಲಿದ್ದುಕೊಂಡು ಮರದ ಬಿರಡೆಗೆ ಚಿಂತೆ ಮಾಡಬೇಕೆ? ಹಿಂದಿನ ಬೀದಿಯ ಬೊಂಬೆ ಕೆಲಸದವರೊಬ್ಬರಿಗೆ ತೂತಿನ ಅಳತೆ ಕೊಟ್ಟೆ.

ಎರಡು ದಿನಕ್ಕೆ ತಂದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಕೆಂಪು, ಹಳದಿ, ಹಸಿರು ಅರಗಿನ ಬಣ್ಣ ಹಚ್ಚಿ, ಮುಖ ಕಾಣುವಷ್ಟು ಹೊಳಪು ಕೊಟ್ಟಿದ್ದರು.

"ಇದು ನೀರೊಳಗೆ, ದೋಣಿಯ ಅಡಿಯಲ್ಲಿ ಇರುವಂಥದ್ದು. ಬಣ್ಣ ಬೇಕಿರಲಿಲ್ಲ" ಎಂದೆ.

"ಮೇಡಂ, ಬರೀ ಮರ ಕೊಟ್ರೆ ನಂಗೆ ರಾತ್ರಿ ನಿದ್ದೆ ಬರಲ್ಲ."

ವಾರದ ನಂತರ ಅವರೇ ಸಂಕೋಚದಿಂದ ಬಂದರು. "ಮೇಡಂ, ಅಂಥದೇ ಇನ್ನೊಂದು ಮಾಡಿ ಅಂಗಡೀಲಿಟ್ಟಿದ್ದೆ. ಯಾರೋ ಬಂದು ಏನಿದು ಅಂದ್ರು. ದೋಣಿ ಬಿರಡೆ ಅಂದೆ. ಹನ್ನೆರಡು ಬೇಕು ಅಂತಾವ್ರೆ. ಮಾಡ್ಕೊಡ್ಲಾ? ನಿಮ್ದು ಅಳತೆ, ಅದ್ಕೆ ಕೇಳ್ದೆ."

"ಧಾರಾಳವಾಗಿ ಮಾಡಿಕೊಡಿ. ಅಷ್ಟೊಂದು ದೋಣಿ ಇದೆಯಾ ಅವರ ಹತ್ತಿರ?"

"ದೋಣಿ ಇಲ್ಲ ಮೇಡಂ. ಶೋಕೇಸ್ ಐತೆ."

೫. ಬೂದುಗುಂಬಳ

ತಿಥಿಗೆ ಮೂರು ದಿನ ಉಳಿದಿತ್ತು. ಅಲ್ಲಿಯವರೆಗೆ ಕೆರೆಯ ಸಿಮೆಂಟಿನ ಇಳಿಜಾರಿನಲ್ಲಿ ನಾಲ್ಕು ಸಲ ಪ್ರಯತ್ನಿಸಿದ್ದೆ. ಎರಡು ಸಲ ದೋಣಿ ಓರೆಯಾಗಿ ಏರಿ ಜಾರಿತ್ತು, ಎರಡು ಸಲ ದನ ತೊಳೆಯುತ್ತಿದ್ದವರು ಓಡಿಬಂದು ಎತ್ತಿಕೊಟ್ಟುಬಿಟ್ಟಿದ್ದರು. ಕೈ ಹಾಕಿದ್ದರಿಂದ ಅವು ಲೆಕ್ಕಕ್ಕೆ ಬರಲಿಲ್ಲ. ಇದು ಕೊನೆಯ ಸಲ ಎಂದು ಮೈದುನನಿಗೆ ಹೇಳಿಕಳಿಸಿದೆ. ಮೀನಿನವರನ್ನೂ ಕರೆದುಕೊಂಡೇ ಬಂದ. ಊರಿನ ಅರ್ಧ ಜನ ಕೆರೆ ಏರಿಯ ಮೇಲಿದ್ದರು. ಎದುರುಮನೆಯ ಅಜ್ಜ ಕುರ್ಚಿ ತರಿಸಿಕೊಂಡು ಕುಳಿತಿದ್ದರು.

ಮೈದುನ ಸೋಲಿಸಲು ಬಂದಿದ್ದರೂ ಶಾಸ್ತ್ರ ಬಿಡುವವನಲ್ಲ. "ಪೂಜೆ ಇಲ್ದೆ ಗಾಡಿ ಇಳಿಸ್ಬಾರ್ದು ಅತ್ಗೆ" ಎಂದು ಚಕ್ರಗಳಿಗೆ ನಿಂಬೆಹಣ್ಣಿಟ್ಟ. ತಂದದ್ದು ನಾಲ್ಕು, ಚಕ್ರ ಆರು. ಎರಡನ್ನು ಹೋಳು ಮಾಡಿ ಸರಿದೂಗಿಸಿದೆ. ಆಮೇಲೆ ಅವನು ಬೂದುಗುಂಬಳ ನೀವಾಳಿಸಿ ಇಳಿಜಾರಿನ ಎಡ ಅಂಚಿನಲ್ಲಿ ಒಡೆದ.

"ಅದನ್ನ ಪಕ್ಕಕ್ಕೆ ಗುಡಿಸಪ್ಪ, ಜಾರುತ್ತೆ" ಎಂದೆ.

"ದೃಷ್ಟಿ ತೆಗೆದಿದ್ದು ಅತ್ಗೆ. ಮುಟ್ಬಾರ್ದು, ತುಳೀಬಾರ್ದು."

ಕುಂಬಳದಿಂದ ಎರಡು ಗೇಣು ಬಿಟ್ಟು ಟ್ರೈಲರನ್ನು ಹಿಂದಕ್ಕೆ ಇಳಿಸಿದೆ. ದೋಣಿ ತೇಲಿತು. ಹುಟ್ಟು ಹಾಕಿ ಒಂದು ಸುತ್ತು ಬಂದು, ಮೂತಿಯನ್ನು ಟ್ರೈಲರಿನ ರಬ್ಬರ್ ಉರುಳೆಗೆ ನೇರ ಹಿಡಿದೆ. ದೋಣಿಯಿಂದ ಇಳಿದು, ಟ್ರೈಲರಿನ ಮೂತಿಯಲ್ಲಿರುವ ರಾಟೆಗೆ ಸುತ್ತಿದ ಪಟ್ಟಿಯ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿ, ರಾಟೆಯ ಹಿಡಿ ತಿರುಗಿಸತೊಡಗಿದೆ. ದೋಣಿ ಗೇಣು ಗೇಣಾಗಿ ಏರಿತು, ಈ ಸಲ ಓರೆಯಾಗಲಿಲ್ಲ. ಮುಟ್ಟಬಾರದೆಂದು ಕೈ ಹಿಂದಕ್ಕೆ ಕಟ್ಟಿಕೊಂಡ ಜನವೆಲ್ಲ ಏರಿಯ ಮೇಲಿಂದಲೇ ಗಾಳಿಗೆ ಭುಜ ಕೊಟ್ಟು "ಐಸಾ, ಐಸಾ" ಎಂದು ನೂಕುತ್ತಿದ್ದರು. ಕೆಲವರು ತಡೆಯಲಾರದೆ ಹತ್ತಿರ ಬಂದರು.

"ಯಾರೂ ಮುಟ್ಟಂಗಿಲ್ಲ ಕಣ್ರಲಾ!" ಮೈದುನ ಎರಡೂ ಕೈ ಅಗಲಿಸಿ, ಜನರನ್ನು ತಡೆಯುತ್ತ, ಹಿಮ್ಮುಖವಾಗಿ ಹೆಜ್ಜೆ ಇಟ್ಟ. ಒಂದು, ಎರಡು. ಮೂರನೆಯದು ಕುಂಬಳದ ಮೇಲೆ.

ಅವನು ಬೀಳಲಿಲ್ಲ, ಕುಳಿತ. ಕುಳಿತಂತೆಯೇ ನನ್ನ ಪಕ್ಕದಿಂದ, ಜೀಪಿಗಿಂತ ವೇಗವಾಗಿ, ಇಳಿಜಾರನ್ನು ದಾಟಿ ಎದೆಮಟ್ಟದ ನೀರಿಗೆ ಹೋದ. ಅವನಿಗೆ ಈಜು ಬರುವುದಿಲ್ಲ. ಕೈಗೆ ಸಿಕ್ಕಿದ್ದು ದೋಣಿಯ ಹಿಂಭಾಗದ ಅಂಚು.

ನಾನು ಹಿಡಿ ನಿಲ್ಲಿಸಿದೆ.

"ನಿಲ್ಲಿಸ್ಬೇಡಿ ಅತ್ಗೆ! ತಿರುಗ್ಸಿ! ನಿಮ್ ದಮ್ಮಯ್ಯ, ತಿರುಗ್ಸಿ!"

ತಿರುಗಿಸಿದೆ. ದೋಣಿ ಏರಿತು, ದೋಣಿಯ ಹಿಂದೆ ಮೈದುನನೂ ಏರಿದ. ಮೊದಲು ತಲೆ, ಆಮೇಲೆ ಶರಟು, ಆಮೇಲೆ ಪಂಚೆ ಇರಬೇಕಾದ ಜಾಗದಲ್ಲಿ ಪಟಾಪಟಿ ಚಡ್ಡಿ. ದೋಣಿಯ ಮೂತಿ ಟ್ರೈಲರಿನ ತಡೆಗೆ ತಾಗಿ 'ಟಕ್' ಎಂದಾಗ ಅವನ ಎರಡೂ ಕಾಲು ಸಿಮೆಂಟಿನ ಮೇಲಿದ್ದವು. ಕೈ ಮಾತ್ರ ಇನ್ನೂ ಅಂಚು ಬಿಟ್ಟಿರಲಿಲ್ಲ.

ಮೀನಿನವರಲ್ಲಿ ಒಬ್ಬ ಆಕ್ಷೇಪ ಎತ್ತಿದ. "ಯಾರೂ ಕೈ ಹಾಕ್ಬಾರ್ದು ಅಂತಿತ್ತು. ಇವ್ರು ದೋಣಿ ಹಿಡ್ಕಂಡವ್ರೆ. ಲೆಕ್ಕಕ್ಕಿಲ್ಲ."

ಅಜ್ಜ ಕುರ್ಚಿಯಿಂದ ಎದ್ದರು. "ಲೇ, ಅವನು ಮುಟ್ಟಿದ್ದು ದೋಣಿ ಎಳಿಯಕ್ಕಲ್ಲ ಕಣ್ಲಾ. ಎಳಿಸ್ಕಳಕ್ಕೆ."

ಕೆರೆ ಏರಿಯೇ ನಕ್ಕಿತು. ಮೈದುನ ಪಂಚೆಗಾಗಿ ನೀರಿನತ್ತ ನೋಡಿದ, ನನ್ನತ್ತ ನೋಡಿದ, ಮೀನಿನವರತ್ತ ತಿರುಗಿ, "ದೋಣಿ ಮಾರಕ್ಕಿಲ್ಲ, ಹೊಂಡ್ರಿ" ಎಂದ.

ನಾನು ಎಣಿಸಿಕೊಂಡಿದ್ದೆ: ಹಿಡಿಯನ್ನು ಒಬ್ಬಳೇ ನಲವತ್ತಮೂರು ಸುತ್ತು ತಿರುಗಿಸಿದ್ದೆ.